‘ಟೋಟಲ್ ಲಾಸ್’ ಆದ ಕಾರನ್ನು ನೀವೇ ಇಟ್ಟುಕೊಂಡರೆ ಲಾಭವೇ? ಫಾರ್ವರ್ಡ್ ಮೆಸೇಜು ಹೇಳದ ಲೆಕ್ಕ ಇಲ್ಲಿದೆ

ಮಳೆಗಾಲ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಧಾಟಿಯ ಮೆಸೇಜು ಓಡಾಡಲು ಶುರುವಾಗುತ್ತದೆ: “ಇನ್ಶೂರೆನ್ಸ್‌ನವರು ನಿಮ್ಮ ಕಾರು ಟೋಟಲ್ ಲಾಸ್ ಅಂದರೆ ಗಾಡಿಯನ್ನು ಅವರಿಗೆ ಕೊಡಲೇಬೇಡಿ. ಗುಜರಿ ಬೆಲೆಗೆ ನೀವೇ ಇಟ್ಟುಕೊಳ್ಳಿ, ಲೋಕಲ್ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿ. ದುಡ್ಡೂ ಬಂತು, ಕಾರೂ ಉಳಿಯಿತು!”

ಇದಕ್ಕೆ ತದ್ವಿರುದ್ಧ ಹೇಳುವವರೂ ಇದ್ದಾರೆ: “ಒಮ್ಮೆ ಟೋಟಲ್ ಲಾಸ್ ಆದ ಗಾಡಿ ಸತ್ತ ಹಾಗೆ. ಬಿಟ್ಟಿ ಕೊಟ್ಟರೂ ಮುಟ್ಟಬೇಡಿ.”

ಯಾವುದು ನಿಜ? ಎರಡರಲ್ಲೂ ಅರ್ಧರ್ಧ ನಿಜವಿದೆ. ಕಾರು ಯಾಕೆ ಟೋಟಲ್ ಲಾಸ್ ಆಯಿತು ಎಂಬುದರ ಮೇಲೆ ಉತ್ತರ ನಿಂತಿದೆ. ಕೆಲವರಿಗೆ ಕಾರನ್ನು ಇಟ್ಟುಕೊಳ್ಳುವುದು ಜಾಣತನ. ಕೆಲವರಿಗೆ ಅದೇ ನಿರ್ಧಾರ ಲಕ್ಷಾಂತರ ರೂಪಾಯಿಯ ನಷ್ಟ ಮಾತ್ರವಲ್ಲ, ಮನೆಮಂದಿಯ ಜೀವಕ್ಕೂ ಅಪಾಯ. ನಿಮ್ಮದು ಯಾವ ಗುಂಪು ಎಂದು ತಿಳಿದುಕೊಳ್ಳುವುದು ಹೇಗೆ? ಒಂದೊಂದಾಗಿ ನೋಡೋಣ.

ಟೋಟಲ್ ಲಾಸ್ ಅಂದರೆ ಏನು?

ನಿಮ್ಮ ಕಾರಿನ ಪಾಲಿಸಿಯಲ್ಲಿ ‘ಐಡಿವಿ’ ಎಂಬ ಮೊತ್ತ ಬರೆದಿರುತ್ತದೆ. ಆ ವರ್ಷದ ಮಟ್ಟಿಗೆ ನಿಮ್ಮ ಕಾರಿನ ಬೆಲೆ ಇಷ್ಟು ಎಂದು ನೀವೂ ವಿಮಾ ಕಂಪನಿಯೂ ಒಪ್ಪಿಕೊಂಡ ಮೊತ್ತ ಅದು. ಹೊಸ ಕಾರಿನ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಇದನ್ನು ನಿಗದಿ ಮಾಡುತ್ತಾರೆ. ಆರು ತಿಂಗಳೊಳಗಿನ ಗಾಡಿಗೆ ಶೇ. 5, ಒಂದರಿಂದ ಎರಡು ವರ್ಷದ ಗಾಡಿಗೆ ಶೇ. 20, ನಾಲ್ಕರಿಂದ ಐದು ವರ್ಷದ ಗಾಡಿಗೆ ಶೇ. 50 – ಹೀಗೆ ಸವಕಳಿ ಏರುತ್ತಾ ಹೋಗುತ್ತದೆ. ಐದು ವರ್ಷ ದಾಟಿದ ಮೇಲೆ ಇಬ್ಬರೂ ಮಾತಾಡಿಕೊಂಡು ಒಪ್ಪಿದ್ದೇ ಬೆಲೆ.

ಅಪಘಾತವೋ ಪ್ರವಾಹವೋ ಆದಾಗ ಸರ್ವೇಯರ್ ಬಂದು ನೋಡುತ್ತಾರೆ. ಗಾಡಿಯನ್ನು ಎಳೆದು ತರುವ ಮತ್ತು ರಿಪೇರಿ ಮಾಡುವ ಖರ್ಚು ಐಡಿವಿಯ ಶೇ. 75ನ್ನು ದಾಟಿದರೆ ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತಾರೆ. ನಿಮ್ಮ ಐಡಿವಿ 4 ಲಕ್ಷ ಎಂದುಕೊಳ್ಳಿ. ರಿಪೇರಿ ಎಸ್ಟಿಮೇಟ್ 3 ಲಕ್ಷ ದಾಟಿತೆಂದರೆ ಟೋಟಲ್ ಲಾಸ್.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಶೇ. 75 ಎಂಬುದು ದುಡ್ಡಿನ ಲೆಕ್ಕ. ಗಾಡಿ ಓಡುತ್ತದೆಯೋ ಇಲ್ಲವೋ, ಅದರಲ್ಲಿ ಕೂರುವುದು ಸುರಕ್ಷಿತವೋ ಇಲ್ಲವೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಹಾಗಾಗಿ ಒಂದು ವಿಚಿತ್ರ ಪರಿಸ್ಥಿತಿ ಉಂಟಾಗುತ್ತದೆ:

• ಹಳೆಯ ಕಾರು ಸಾಧಾರಣ ಏಟಿಗೂ ಟೋಟಲ್ ಲಾಸ್ ಆಗಬಹುದು. ಯಾಕೆಂದರೆ ಅದರ ಐಡಿವಿ ಕಡಿಮೆ, ಆದರೆ ಕಂಪನಿ ಬಿಡಿಭಾಗದ ಬೆಲೆ ಮತ್ತು ಮಜೂರಿ ಹೊಸ ಕಾರಿಗೆ ಇದ್ದಷ್ಟೇ ಇರುತ್ತದೆ.
• ಹೊಸ ಕಾರು ಟೋಟಲ್ ಲಾಸ್ ಆಗಬೇಕಾದರೆ ಭಾರೀ ಹಾನಿಯೇ ಆಗಿರಬೇಕು.

ಒಂದೇ ಪದ, ಎರಡು ಬೇರೆ ಅರ್ಥ. ಎರಡೂ ಫಾರ್ವರ್ಡುಗಳು ಎಡವಿದ್ದು ಇಲ್ಲೇ.

ಕಾರನ್ನು ‘ವಾಪಸ್ ಇಟ್ಟುಕೊಳ್ಳುವುದು’ ಹೇಗೆ ನಡೆಯುತ್ತದೆ?

ಟೋಟಲ್ ಲಾಸ್ ಎಂದು ತೀರ್ಮಾನವಾದ ಮೇಲೆ ಹಾಳಾದ ಗಾಡಿಗೂ ಒಂದು ಬೆಲೆ ಕಟ್ಟುತ್ತಾರೆ. ಇದನ್ನು ‘ಸಾಲ್ವೇಜ್’ ಬೆಲೆ ಎನ್ನುತ್ತಾರೆ. ಗುಜರಿ ವ್ಯಾಪಾರಿಗಳಿಂದ ಕೊಟೇಶನ್ ತರಿಸುವುದುಂಟು, ಆನ್‌ಲೈನ್ ಹರಾಜಿಗೆ ಹಾಕುವುದೂ ಉಂಟು. ಅಲ್ಲಿ ಬಂದ ಹೆಚ್ಚಿನ ಬಿಡ್ ಸಾಮಾನ್ಯವಾಗಿ ಸಾಲ್ವೇಜ್ ಬೆಲೆಯಾಗುತ್ತದೆ.

ಆಗ ನಿಮ್ಮ ಮುಂದೆ ಎರಡು ದಾರಿ:

1. ಗಾಡಿಯನ್ನು ಬಿಟ್ಟುಕೊಡುವುದು. ಐಡಿವಿಯಿಂದ ಕಡ್ಡಾಯ ಕಡಿತ (1500 ಸಿಸಿವರೆಗಿನ ಕಾರಿಗೆ 1,000 ರೂ., ಅದಕ್ಕೂ ಮೇಲಿನದಕ್ಕೆ 2,000 ರೂ.) ಕಳೆದು ಉಳಿದದ್ದು ನಿಮಗೆ.

2. ಗಾಡಿಯನ್ನು ನೀವೇ ಇಟ್ಟುಕೊಳ್ಳುವುದು. ಐಡಿವಿಯಿಂದ ಸಾಲ್ವೇಜ್ ಬೆಲೆಯನ್ನೂ ಕಡ್ಡಾಯ ಕಡಿತವನ್ನೂ ಕಳೆದು ಉಳಿದದ್ದು ನಿಮಗೆ. ಕಾಗದದಲ್ಲಿ ಇದನ್ನು ‘ನೆಟ್ ಆಫ್ ಸಾಲ್ವೇಜ್’ ಎಂದು ಬರೆದಿರುತ್ತಾರೆ.

“ದುಡ್ಡೂ ಬಂತು, ಕಾರೂ ಉಳಿಯಿತು” ಎಂಬ ಮಾತಿನ ಗುಟ್ಟು ಇಷ್ಟೇ. ಕಾರು ಬಿಟ್ಟಿ ಬಂದಿಲ್ಲ. ನಿಮಗೆ ಬರಬೇಕಾಗಿದ್ದ ದುಡ್ಡಿನಲ್ಲೇ ಸಾಲ್ವೇಜ್ ಬೆಲೆ ಮುರಿದುಕೊಂಡು ಅದೇ ಕಾರನ್ನು ನಿಮಗೆ ಮಾರಿದ್ದಾರೆ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಹೀಗಿದೆ: ಇದೇ ಮುರಿದ ಕಾರನ್ನು ಬೀದಿಯಲ್ಲಿ ಯಾರೋ ಅದೇ ಬೆಲೆಗೆ ಮಾರುತ್ತಿದ್ದರೆ ನೀವು ಜೇಬಿನಿಂದ ದುಡ್ಡು ತೆಗೆದು ಕೊಳ್ಳುತ್ತಿದ್ದಿರಾ?

ಎರಡು ಕಾರು, ಎರಡು ಲೆಕ್ಕ

ಅರ್ಥವಾಗಲೆಂದು ಎರಡು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಲೆಕ್ಕ ಸರಳವಾಗಲೆಂದು ಕಡ್ಡಾಯ ಕಡಿತವನ್ನು ಬಿಟ್ಟಿದ್ದೇವೆ.

ಮೊದಲನೆಯದು: ಎಂಟು ವರ್ಷದ ಸಣ್ಣ ಕಾರು. ಐಡಿವಿ 1,60,000 ರೂ. ಮುಂದಿನ ಗಾಡಿಗೆ ಮೆಲ್ಲಗೆ ಗುದ್ದಿ ಬಾನೆಟ್, ಬಂಪರ್, ಎರಡು ಹೆಡ್‌ಲೈಟ್, ರೇಡಿಯೇಟರ್ ಹೋಗಿವೆ. ಏರ್‌ಬ್ಯಾಗ್ ಬಿಚ್ಚಿಕೊಂಡಿಲ್ಲ. ಕಂಪನಿ ಶೋರೂಮಿನ ಎಸ್ಟಿಮೇಟ್ 1,30,000 ರೂ. ಐಡಿವಿಯ ಶೇ. 75 ಅಂದರೆ 1,20,000. ಅದನ್ನು ದಾಟಿದ್ದರಿಂದ ಟೋಟಲ್ ಲಾಸ್. ಸಾಲ್ವೇಜ್ ಬಿಡ್ 55,000 ರೂ. ನಂಬಿಕಸ್ತ ಗ್ಯಾರೇಜಿನವರು ಒಳ್ಳೆಯ ಸೆಕೆಂಡ್‌ಹ್ಯಾಂಡ್ ಬಿಡಿಭಾಗ ಹಾಕಿ 50,000ಕ್ಕೆ ರಿಪೇರಿ ಮಾಡುತ್ತಾರೆ.

ಬಿಟ್ಟುಕೊಟ್ಟರೆ ಕೈಗೆ 1,60,000. ಇಟ್ಟುಕೊಂಡರೆ ಕೈಗೆ 1,05,000, ರಿಪೇರಿ ಕಳೆದರೆ 55,000 ಮತ್ತು ಓಡುವ ಕಾರು. ಅಂದರೆ ಆ ಕಾರು ನಿಮಗೆ ಬಿದ್ದ ನಿಜವಾದ ಬೆಲೆ 1,05,000 ರೂ. ಅದೇ ವಯಸ್ಸಿನ ಏಟು ಬೀಳದ ಕಾರಿಗೆ ಮಾರುಕಟ್ಟೆಯಲ್ಲಿ ಒಂದೂಮುಕ್ಕಾಲು ಲಕ್ಷ ಇದ್ದರೆ 70,000 ರೂ. ಅಂತರವಿದೆ. ಕಾರಿನ ಹಿಂದಿನ ಕಥೆಯೆಲ್ಲ ನಿಮಗೆ ಗೊತ್ತು. ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆ.

ಎರಡನೆಯದು: ಎರಡು ವರ್ಷದ ಕಾರು. ಐಡಿವಿ 8,00,000 ರೂ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ನುಗ್ಗಿ ಡ್ಯಾಶ್‌ಬೋರ್ಡ್‌ವರೆಗೆ ಮುಳುಗಿತ್ತು. ಎಸ್ಟಿಮೇಟ್ 7,00,000. ಸಾಲ್ವೇಜ್ ಬಿಡ್ 2,60,000. ಪರಿಚಯದ ಮೆಕ್ಯಾನಿಕ್, “ಮೂರು ಲಕ್ಷ ಕೊಡಿ ಸಾರ್, ಓಡೋ ಹಾಗೆ ಮಾಡಿಕೊಡ್ತೀನಿ” ಎನ್ನುತ್ತಾರೆ.

ಬಿಟ್ಟುಕೊಟ್ಟರೆ ಕೈಗೆ 8,00,000. ಇಟ್ಟುಕೊಂಡರೆ 5,40,000, ರಿಪೇರಿ ಕಳೆದರೆ 2,40,000 ಮತ್ತು ಕಾರು. ಕಾರಿನ ನಿಜವಾದ ಬೆಲೆ 5,60,000 ರೂ. ನೀರು ಕುಡಿದ ಗಾಡಿಯಲ್ಲಿ ಆರು ತಿಂಗಳ ಮೇಲೆ ತಲೆ ಎತ್ತುವ ತೊಂದರೆಗಳಿಗೆಂದು 1 ಲಕ್ಷ ತೆಗೆದಿಟ್ಟರೆ 6,60,000 ಆಯಿತು. ಬಿಟ್ಟುಕೊಟ್ಟಿದ್ದರೆ ಬರುತ್ತಿದ್ದ 8 ಲಕ್ಷದಲ್ಲಿ ನೀರು ಕಾಣದ ಅಂಥದೇ ಕಾರು ಸಿಗುತ್ತಿತ್ತು. ಮುಂದೆ ಮಾರುವಾಗ ‘ನೀರಿಗೆ ಸಿಕ್ಕ ಗಾಡಿ’ ಎಂದು ಗೊತ್ತಾದರೆ ಬೆಲೆ ಪಾತಾಳಕ್ಕೆ ಇಳಿಯುತ್ತದೆ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂಬ ಗಾದೆ ಇಂಥದಕ್ಕೇ ಹೇಳಿಸಿದ ಹಾಗಿದೆ.

ಸೂತ್ರ ಇಷ್ಟು: ಸಾಲ್ವೇಜ್ ಬೆಲೆ + ರಿಪೇರಿ + ಕಾಗದಪತ್ರ, ಹೊಸ ಇನ್ಶೂರೆನ್ಸ್ ಖರ್ಚು + ಕಾಣದ ತೊಂದರೆಗೆ ತೆಗೆದಿಟ್ಟ ಹಣ = ಕಾರು ನಿಮಗೆ ಬೀಳುವ ನಿಜವಾದ ಬೆಲೆ. ಇದು ಅಂಥದೇ ಒಳ್ಳೆಯ ಕಾರಿನ ಮಾರುಕಟ್ಟೆ ಬೆಲೆಗಿಂತ ಚೆನ್ನಾಗಿಯೇ ಕಡಿಮೆ ಇದ್ದರೆ ಮಾತ್ರ ಮುಂದಿನ ಮಾತು. ಹತ್ತಿಪ್ಪತ್ತು ಸಾವಿರದ ಅಂತರಕ್ಕೆ ಈ ಗೊಡವೆ ಬೇಡ.

ನಿಮ್ಮ ಪಾಲಿಸಿಯಲ್ಲಿ ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಹೆಚ್ಚುವರಿ ರಕ್ಷಣೆ ಇದೆಯೇ ನೋಡಿ. ಅದಿದ್ದರೆ ಟೋಟಲ್ ಲಾಸ್ ಆದಾಗ ಐಡಿವಿಗೆ ಬದಲು ಕಾರು ಕೊಂಡಾಗಿನ ಬಿಲ್ಲಿನ ಬೆಲೆ ಆಧಾರವಾಗುತ್ತದೆ. ಹಾಗಿದ್ದರೆ ಸಾಮಾನ್ಯವಾಗಿ ಗಾಡಿಯನ್ನು ಬಿಟ್ಟುಕೊಡುವುದೇ ಲಾಭ.

ಬಿದ್ದ ಏಟು ಯಾವುದು? ನಿರ್ಧಾರ ನಿಲ್ಲುವುದು ಇದರ ಮೇಲೆ

ದುಡ್ಡಿನ ಲೆಕ್ಕ ಸರಿಹೋದರೂ ಕಾರನ್ನು ಇಟ್ಟುಕೊಳ್ಳಬಾರದ ಸಂದರ್ಭಗಳಿವೆ. ಅದನ್ನು ತಿಳಿಯಲು ಹಾನಿಯ ಹಿಂದಿನ ವಿಜ್ಞಾನ ಸ್ವಲ್ಪ ಗೊತ್ತಿರಬೇಕು.

ನೀರು: 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಆಸುಪಾಸಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ಇಂಥ ಕಾರುಗಳಲ್ಲಿ ಎಲ್ಲರೂ ಮೊದಲು ಚಿಂತೆ ಮಾಡುವುದು ಎಂಜಿನ್ ಬಗ್ಗೆ. ಎಂಜಿನ್ನಿಗೆ ಅಪಾಯ ಇರುವುದು ನಿಜ. ಗಾಳಿಯನ್ನು ಒತ್ತಿ ಚಿಕ್ಕದಾಗಿಸಬಹುದು, ನೀರನ್ನು ಹಾಗೆ ಒತ್ತಲು ಆಗುವುದಿಲ್ಲ. ಸಿಲಿಂಡರಿನೊಳಗೆ ನೀರು ಸೇರಿದಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಮೇಲೆ ಹೋಗಲಾರದೆ ಅದರ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನು ‘ಹೈಡ್ರೋಸ್ಟ್ಯಾಟಿಕ್ ಲಾಕ್’ ಎನ್ನುತ್ತಾರೆ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ನೋಡಬೇಡಿ ಎಂದು ಹೇಳುವುದು ಇದಕ್ಕೇ. ಮಾಡಿದರೆ ಎಂಜಿನ್ ಹಾನಿಗೆ ಪರಿಹಾರ ಕೊಡಲು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಅದಕ್ಕಾಗಿ ‘ಎಂಜಿನ್ ಪ್ರೊಟೆಕ್ಟ್’ ಎಂಬ ಬೇರೆ ರಕ್ಷಣೆಯೇ ಇದೆ.

ಆದರೆ ಎಂಜಿನ್ನನ್ನು ಬಿಚ್ಚಿ ನೋಡಬಹುದು, ಬದಲಿಸಲೂಬಹುದು. ಹೆಚ್ಚು ಕಾಡುವುದು ವೈರಿಂಗ್. ಇಂದಿನ ಕಾರಿನಲ್ಲಿ ನೂರಾರು ಕನೆಕ್ಟರುಗಳು, ಹತ್ತಾರು ಎಲೆಕ್ಟ್ರಾನಿಕ್ ಘಟಕಗಳು ಇರುತ್ತವೆ. ಹಲವು ಘಟಕಗಳು ಸೀಟಿನ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲಿ ಕೂತಿರುತ್ತವೆ. ಏರ್‌ಬ್ಯಾಗನ್ನು ಬಿಚ್ಚುವ ಆಜ್ಞೆ ಕೊಡುವ ಘಟಕವೂ ಸಾಮಾನ್ಯವಾಗಿ ಎರಡು ಮುಂದಿನ ಸೀಟಿನ ನಡುವೆ ನೆಲದ ಹತ್ತಿರವೇ ಇರುತ್ತದೆ. ಚರಂಡಿ ನೀರಿನಲ್ಲಿ ಲವಣ, ಕೆಸರು ಎರಡೂ ಇರುತ್ತವೆ. ಬ್ಯಾಟರಿ ಸಂಪರ್ಕ ಇದ್ದಾಗಲೇ ಇಂಥ ನೀರು ಒಳಗೆ ಹೋದರೆ ಲೋಹದ ತುದಿಗಳು ಬೇಗ ಸವೆಯುತ್ತವೆ. ತಾಮ್ರದ ತಂಬಿಗೆ ಹಿಡಿಯುವ ಹಸಿರು ಕಿಲುಬು ಗೊತ್ತಲ್ಲ? ಅದೇ ಕಿಲುಬು ಕನೆಕ್ಟರಿನ ಒಳಗೂ ಹಿಡಿಯುತ್ತದೆ. ತಂಬಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಬಹುದು, ನೂರಾರು ಕನೆಕ್ಟರುಗಳನ್ನು ಉಜ್ಜುವವರು ಯಾರು?

ಈ ಕಿಲುಬು ಒಂದೇ ದಿನದಲ್ಲಿ ಹಿಡಿಯುವುದಿಲ್ಲ. ತೊಳೆದು, ಒಣಗಿಸಿ, ಸುಗಂಧ ಸಿಂಪಡಿಸಿ ಕೊಟ್ಟ ಕಾರು ಮೂರು ತಿಂಗಳು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಒಂದು ದಿನ ಪವರ್ ವಿಂಡೋ ಕೆಲಸ ಮಾಡುವುದಿಲ್ಲ, ಮತ್ತೊಂದು ದಿನ ಹೈವೇಯಲ್ಲಿ ಗಾಡಿ ಆಫ್ ಆಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳಬೇಕಾದ ಕ್ಷಣದಲ್ಲಿ ಸುಮ್ಮನಿರುವುದು.

ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ. ನೀರು ಕಾರ್ಪೆಟ್ಟಿನ ಮಟ್ಟಕ್ಕೆ ನಿಂತಿದ್ದು, ಬೇಗ ಹೊರತೆಗೆದು, ಸೀಟು–ಕಾರ್ಪೆಟ್ಟು ಬಿಚ್ಚಿ ಒಣಗಿಸಿದ್ದರೆ ಯೋಚಿಸಬಹುದು. ಸೀಟಿನ ಮಟ್ಟ ದಾಟಿದ್ದರೆ ಹತ್ತು ಸಲ ಯೋಚಿಸಿ. ಡ್ಯಾಶ್‌ಬೋರ್ಡ್ ಮುಳುಗಿದ್ದರೆ ಆಸೆ ಬಿಡಿ. ಕರಾವಳಿಯಲ್ಲಿ ಸಮುದ್ರದ ಉಪ್ಪು ನೀರು ಸೇರಿದ್ದರೆ ಮಟ್ಟ ಎಷ್ಟೇ ಇರಲಿ, ಬೇಡ.

ಡಿಕ್ಕಿ: ಬಾಗಿಲು, ಬಂಪರ್, ಬಾನೆಟ್, ಫೆಂಡರ್, ಗಾಜು – ಇವೆಲ್ಲ ಬಿಚ್ಚಿ ಹಾಕುವ ಭಾಗಗಳು. ಇವಿಷ್ಟೇ ಹೋಗಿದ್ದರೆ ರಿಪೇರಿ ಆದ ಮೇಲೆ ಕಾರು ಮೊದಲಿನಂತೆಯೇ ಇರಬಲ್ಲದು. ಆದರೆ ಇಂದಿನ ಬಹುತೇಕ ಕಾರುಗಳಿಗೆ ಲಾರಿಗಿರುವಂತೆ ಬೇರೆ ಚಾಸಿ ಇರುವುದಿಲ್ಲ. ಇಡೀ ಬಾಡಿಯೇ ಅಸ್ಥಿಪಂಜರ. ಮುಂದೆ, ಹಿಂದೆ ಇರುವ ಕೆಲವು ಭಾಗಗಳನ್ನು ಡಿಕ್ಕಿಯಾದಾಗ ನಜ್ಜುಗುಜ್ಜಾಗಲೆಂದೇ ಮಾಡಿರುತ್ತಾರೆ. ಅವು ಮಡಿಚಿಕೊಂಡು ಏಟನ್ನು ತಾವು ತಿನ್ನುತ್ತವೆ, ಒಳಗೆ ಕೂತವರಿಗೆ ತಟ್ಟುವುದು ಕಡಿಮೆಯಾಗುತ್ತದೆ.

ಬೈಂಡಿಂಗ್ ತಂತಿಯನ್ನು ಒಮ್ಮೆ ಮಡಿಚಿ ನೇರ ಮಾಡಿ ನೋಡಿ. ಮಡಿಚಿದ ಜಾಗ ಮೊದಲಿನಂತಿರುವುದಿಲ್ಲ. ಇನ್ನೆರಡು ಸಲ ಮಡಿಚಿದರೆ ಅಲ್ಲೇ ಮುರಿಯುತ್ತದೆ. ಕಾರಿನ ಅಸ್ಥಿಪಂಜರವೂ ಹಾಗೆಯೇ. ಬಾಗಿದ ಕಂಬವನ್ನು ಎಳೆದು, ಬಡಿದು, ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ನೇರ ಮಾಡಿ, ಟಿಂಕರಿಂಗ್ ಮಾಡಿ, ಬಣ್ಣ ಬಳಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಅಲ್ಲಿ ಬಳಸಿರುವ ಗಟ್ಟಿ ಉಕ್ಕನ್ನು ಹಾಗೆ ಕಾಯಿಸಿದರೆ ಅದರ ಬಲವೇ ಹೋಗುತ್ತದೆ. ಮುಂದಿನ ಅಪಘಾತದಲ್ಲಿ ಅದು ಹೇಗೆ ಮಡಿಚಿಕೊಳ್ಳುತ್ತದೆ ಎಂದು ಯಾರೂ ಹೇಳಲಾರರು.

ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಇನ್ನೊಂದು ಎಚ್ಚರಿಕೆ. ಏರ್‌ಬ್ಯಾಗ್ ಮತ್ತು ಸೀಟ್‌ಬೆಲ್ಟನ್ನು ಥಟ್ಟನೆ ಬಿಗಿಮಾಡುವ ಸಾಧನ ಎರಡೂ ಒಂದೇ ಸಲದ ಬಳಕೆಗೆ. ಹೊಸದು ಹಾಕಿಸಿದರೆ ದುಬಾರಿ. ಹಾಗಾಗಿ ಕೆಲವು ಗ್ಯಾರೇಜುಗಳಲ್ಲಿ ಹೊಸದು ಹಾಕದೆ ಮೇಲಿನ ಮುಚ್ಚಳವನ್ನಷ್ಟೇ ಹೊಸದಾಗಿಸಿ, ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಉರಿಯದಂತೆ ಮಾಡಿಬಿಡುತ್ತಾರೆ. ಇದನ್ನು ಪರೀಕ್ಷಿಸುವ ಸುಲಭ ವಿಧಾನ: ಕೀ ತಿರುಗಿಸಿ ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ತಾನೇ ಆರಬೇಕು. ಆರದೇ ಉರಿಯುತ್ತಿದ್ದರೂ ತೊಂದರೆ, ಒಮ್ಮೆಯೂ ಉರಿಯದಿದ್ದರೂ ತೊಂದರೆ. ಆದರೆ ದೀಪ ಸರಿಯಾಗಿ ಉರಿದು ಆರಿತೆಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದೂ ಅಲ್ಲ. ಸ್ಕ್ಯಾನರ್ ಹಾಕಿ ನೋಡಿಸಿ.

ಎಲೆಕ್ಟ್ರಿಕ್ ಕಾರು: ನೀರಿಗೆ ಸಿಕ್ಕ ಎಲೆಕ್ಟ್ರಿಕ್ ಕಾರನ್ನು ಇಟ್ಟುಕೊಳ್ಳುವ ಯೋಚನೆ ಬೇಡ. 2022ರಲ್ಲಿ ಅಮೆರಿಕದ ಫ್ಲೋರಿಡಾಕ್ಕೆ ‘ಇಯಾನ್’ ಚಂಡಮಾರುತ ಅಪ್ಪಳಿಸಿದ ಮೇಲೆ, ಸಮುದ್ರದ ನೀರಿನಲ್ಲಿ ಮುಳುಗಿದ್ದ ಕೆಲವು ಎಲೆಕ್ಟ್ರಿಕ್ ಕಾರುಗಳಿಗೆ ನೀರು ಇಳಿದ ನಂತರ ಬೆಂಕಿ ಹತ್ತಿಕೊಂಡಿತು. ಉಪ್ಪು ನೀರು ಬ್ಯಾಟರಿಯೊಳಗೆ ಹೋದರೆ ಒಳಗೊಳಗೇ ಶಾರ್ಟ್ ಆಗಿ, ಒಂದು ಸೆಲ್ಲಿನ ಬಿಸಿ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಇಂಥ ಗಾಡಿಯನ್ನು ಮನೆಯ ಪೋರ್ಟಿಕೋದಲ್ಲಿ ನಿಲ್ಲಿಸಿಕೊಳ್ಳುವುದೂ ಅಪಾಯ. ಕಾರಿನ ಬೆಲೆಯಲ್ಲಿ ಬ್ಯಾಟರಿಯ ಪಾಲೇ ದೊಡ್ಡದಾದ್ದರಿಂದ ದುಡ್ಡಿನ ಲೆಕ್ಕವೂ ಕೂಡಿಬರುವುದಿಲ್ಲ.

ವಿದೇಶದ ವಿಡಿಯೊ ನೋಡಿ ನಿರ್ಧರಿಸಬೇಡಿ

ಟೋಟಲ್ ಲಾಸ್ ಕಾರನ್ನು ಹರಾಜಿನಲ್ಲಿ ಕೊಂಡು ಹೊಸದರಂತೆ ಮಾಡುವ ವಿಡಿಯೊಗಳು ಬೇಕಾದಷ್ಟಿವೆ. ಬಹಳಷ್ಟು ಬ್ರಿಟನ್, ಅಮೆರಿಕದವು. ಅಲ್ಲಿರುವ ಬಂಧುಗಳೂ “ನಾವಿಲ್ಲಿ ಹೀಗೇ ಕೊಳ್ತೀವಿ” ಎನ್ನಬಹುದು. ಆದರೆ ಅಲ್ಲಿನ ವ್ಯವಸ್ಥೆ ಬೇರೆ.

ಬ್ರಿಟನ್ನಿನಲ್ಲಿ 2017ರ ಅಕ್ಟೋಬರ್‌ನಿಂದ ಇಂಥ ಗಾಡಿಗಳನ್ನು ನಾಲ್ಕು ವರ್ಗ ಮಾಡುತ್ತಾರೆ. ‘ಎ’ ಅಂದರೆ ಪೂರ್ತಿ ಪುಡಿ ಮಾಡಬೇಕು, ಒಂದು ಬೋಲ್ಟನ್ನೂ ಬಳಸುವಂತಿಲ್ಲ. ‘ಬಿ’ ಅಂದರೆ ಬಿಡಿಭಾಗ ಬಳಸಬಹುದು, ಬಾಡಿಯನ್ನು ಪುಡಿ ಮಾಡಬೇಕು. ‘ಎಸ್’ ಅಂದರೆ ಅಸ್ಥಿಪಂಜರಕ್ಕೆ ಏಟು ಬಿದ್ದಿದೆ, ರಿಪೇರಿ ಸಾಧ್ಯ. ‘ಎನ್’ ಅಂದರೆ ಅಸ್ಥಿಪಂಜರಕ್ಕೆ ಏಟಿಲ್ಲ. ಅಮೆರಿಕದ ರಾಜ್ಯಗಳಲ್ಲಿ ಗಾಡಿಯ ಮಾಲೀಕತ್ವದ ಪತ್ರದಲ್ಲೇ ‘ಸಾಲ್ವೇಜ್’, ‘ರೀಬಿಲ್ಟ್’ ಎಂಬ ಗುರುತು ಬೀಳುತ್ತದೆ.

ನಮ್ಮ ಆರ್‌ಸಿಯಲ್ಲಿ ಇಂಥ ವರ್ಗೀಕರಣ ಇಲ್ಲ. ಬಾನೆಟ್ ನಜ್ಜಾದ ಕಾರಿಗೂ ಮೂರು ದಿನ ಮುಳುಗಿದ್ದ ಕಾರಿಗೂ ಇಲ್ಲಿ ಒಂದೇ ಹೆಸರು – ಟೋಟಲ್ ಲಾಸ್. ಅದು ‘ಎನ್’ ಬಗೆಯದೋ ‘ಬಿ’ ಬಗೆಯದೋ ಎಂದು ಕಂಡುಕೊಳ್ಳುವ ಕೆಲಸ ನಿಮ್ಮ ಪಾಲಿಗೆ ಬೀಳುತ್ತದೆ. ಆದ್ದರಿಂದ ಸರ್ವೇ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಯಾವ ಯಾವ ಭಾಗ ಹಾಳಾಗಿದೆ ಎಂಬ ಪಟ್ಟಿ ಇರುತ್ತದೆ. ಅದನ್ನು ರಿಪೇರಿ ಗುತ್ತಿಗೆಯ ಆಸೆಯಿಲ್ಲದ ಬೇರೊಬ್ಬ ಮೆಕ್ಯಾನಿಕ್‌ಗೆ ತೋರಿಸಿ.

ಕಾಗದದ ಕಡೆ ಗಮನವಿರಲಿ

ಆರ್‌ಸಿ: ಗಾಡಿ ಮತ್ತೆಂದೂ ಬಳಸಲಾಗದಂತೆ ನಾಶವಾದರೆ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಮಾಲೀಕರು ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಟೋಟಲ್ ಲಾಸ್ ಹಣ ಕೊಡುವ ಮೊದಲು ಆರ್‌ಸಿ ರದ್ದು ಮಾಡಿಸಿ ತನ್ನಿ ಎಂದು ವಿಮಾ ಕಂಪನಿ ಕೇಳುವುದೂ ಉಂಟು. ಆರ್‌ಸಿ ರದ್ದಾದ ಗಾಡಿ ರಸ್ತೆಗೆ ಬರುವಂತಿಲ್ಲ. ಬಿಡಿಭಾಗ ಮಾರುವುದಕ್ಕಷ್ಟೇ ಬಂತು. ಆದ್ದರಿಂದ ಕಾರನ್ನು ಇಟ್ಟುಕೊಳ್ಳುತ್ತೇನೆ ಎನ್ನುವ ಮೊದಲೇ, “ಆರ್‌ಸಿ ಉಳಿಯುತ್ತದೆಯೇ?” ಎಂದು ಕೇಳಿ, ಉತ್ತರವನ್ನು ಇ–ಮೇಲ್‌ನಲ್ಲಿ ಪಡೆಯಿರಿ.

ಸಾಲ: ಕಾರಿನ ಮೇಲೆ ಬ್ಯಾಂಕ್ ಸಾಲ ಇದ್ದರೆ ವಿಮೆಯ ಹಣ ಮೊದಲು ಹೋಗುವುದು ಬ್ಯಾಂಕಿಗೆ. ಬಾಕಿ ತೀರಿದ ಮೇಲೆ ಉಳಿದದ್ದು ನಿಮಗೆ. ಕಾರನ್ನು ಇಟ್ಟುಕೊಂಡರೆ ಬರುವ ಹಣವೇ ಕಡಿಮೆ. ಅದು ಬಾಕಿಗೂ ಸಾಲದೆ ಹೋದರೆ, ಓಡದ ಕಾರನ್ನು ಮನೆ ಮುಂದೆ ನಿಲ್ಲಿಸಿಕೊಂಡು ಕಂತು ಕಟ್ಟುವ ಪಾಡು ಬರುತ್ತದೆ.

ಹೊಸ ವಿಮೆ: ಟೋಟಲ್ ಲಾಸ್ ಹಣ ಕೊಟ್ಟ ಮೇಲೆ ಹಳೆಯ ಪಾಲಿಸಿ ಅಲ್ಲಿಗೆ ಮುಗಿಯಿತು. ರಿಪೇರಿ ಮಾಡಿ ರಸ್ತೆಗೆ ಇಳಿಸುವ ಮೊದಲು ಕನಿಷ್ಠ ಥರ್ಡ್ ಪಾರ್ಟಿ ವಿಮೆ ಬೇಕೇ ಬೇಕು. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂ. ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಪರಿಹಾರ ನಿಮ್ಮ ತಲೆಗೇ. ಕಾರಿಗೆ ಆಗುವ ಹಾನಿಯ ವಿಮೆ ಬೇಕೆಂದರೆ ಕಂಪನಿಯವರು ಗಾಡಿಯನ್ನು ಪರೀಕ್ಷಿಸಿ ಕೊಡಬಹುದು, ನಿರಾಕರಿಸಲೂಬಹುದು. ರಿಪೇರಿಗೆ ದುಡ್ಡು ಹಾಕುವ ಮೊದಲೇ ಇದನ್ನು ವಿಚಾರಿಸಿ.

ಬಿಟ್ಟುಕೊಡುವುದರಲ್ಲೂ ಒಂದು ಅಪಾಯ ಇದೆ

“ಹಾಗಾದರೆ ಗುಜರಿಯವರಿಗೆ ಕೊಟ್ಟು ಕೈ ತೊಳೆದುಕೊಳ್ಳೋಣ” ಎಂದುಕೊಂಡಿರಾ? ಸ್ವಲ್ಪ ತಡೆಯಿರಿ.

ಬಾಡಿ ಪೂರ್ತಿ ಅಪ್ಪಚ್ಚಿಯಾದ ಕಾರಿಗೂ ಕೆಲವು ಸಲ ಊಹಿಸದಷ್ಟು ಬಿಡ್ ಬರುತ್ತದೆ. ಬಿಡಿಭಾಗಗಳಿಗೆ ಬೇಡಿಕೆ ಇರುವುದು ಒಂದು ಕಾರಣ. ಇನ್ನೊಂದು ಕಾರಣ ಆರ್‌ಸಿ! ಟೋಟಲ್ ಲಾಸ್ ಗಾಡಿಯ ಆರ್‌ಸಿಯನ್ನೂ ಚಾಸಿ ನಂಬರನ್ನೂ ಕೊಂಡು, ಅದೇ ಮಾಡೆಲ್, ಅದೇ ಬಣ್ಣದ ಕಾರನ್ನು ಎಲ್ಲಿಂದಲೋ ಕದ್ದು, ಆ ನಂಬರನ್ನು ಕದ್ದ ಕಾರಿನ ಮೇಲೆ ಕೊರೆದು ಮಾರುವ ಜಾಲಗಳನ್ನು ದೇಶದ ಹಲವು ಕಡೆ ಪೊಲೀಸರು ಹಿಡಿದಿದ್ದಾರೆ. ಹೀಗಾದರೆ ಕಾಗದದಲ್ಲಿ ಆ ಕಳ್ಳ ಗಾಡಿಯ ಮಾಲೀಕರು ನೀವೇ.

ಕಾನೂನು ಈ ವಿಷಯದಲ್ಲಿ ಖಡಕ್. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ – ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಆ ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಆದರೆ ಆರ್‌ಸಿಯಲ್ಲಿ ಹೆಸರು ಬದಲಾಗಿರಲಿಲ್ಲ. ಅಪಘಾತದ ಪರಿಹಾರದ ಹೊಣೆ ಮೊದಲ ಮಾಲೀಕರ ಮೇಲೇ ಬಿತ್ತು.

ಆದ್ದರಿಂದ ಗಾಡಿಯನ್ನು ಬಿಟ್ಟುಕೊಡುವಾಗ:

• ಗಾಡಿ ಯಾರ ಕೈಗೆ ಹೋಯಿತು ಎಂಬುದಕ್ಕೆ ದಿನಾಂಕ, ಹೆಸರು, ಗುರುತಿನ ಚೀಟಿಯ ಪ್ರತಿ ಇರುವ ರಸೀದಿ ಪಡೆಯಿರಿ.
• ಖಾಲಿ ಫಾರಂಗಳಿಗೆ ಸಹಿ ಹಾಕಿ ಕೊಡಬೇಡಿ. 29 ಮತ್ತು 30ನೇ ಫಾರಂಗಳಲ್ಲಿ ಕೊಳ್ಳುವವರ ಹೆಸರು ತುಂಬಿರಬೇಕು.
• ರಿಪೇರಿಯಾಗದ ಗಾಡಿಯಾದರೆ ಆರ್‌ಸಿಯನ್ನು ರದ್ದು ಮಾಡಿಸಿಬಿಡಿ. ಸರ್ಕಾರದ ನೋಂದಣಿ ಇರುವ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ ‘ಸರ್ಟಿಫಿಕೇಟ್ ಆಫ್ ಡಿಪಾಸಿಟ್’ ಸಿಗುತ್ತದೆ.
• ಒಂದೆರಡು ತಿಂಗಳು ಬಿಟ್ಟು ಎಂ–ಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಹಳೆಯ ಗಾಡಿಯ ನಂಬರ್ ಹಾಕಿ, ನೋಂದಣಿ ಯಾವ ಸ್ಥಿತಿಯಲ್ಲಿದೆ ಎಂದು ನೋಡಿ. ಹೆಸರು ಬದಲಾಗಿರದಿದ್ದರೆ ವಿಮಾ ಕಂಪನಿಗೂ ಆರ್‌ಟಿಒಗೂ ಲಿಖಿತವಾಗಿ ತಿಳಿಸಿ.

ಗ್ರೂಪಿನಲ್ಲಿ ಕೇಳಿಬರುವ ಮಾತು, ನಿಜಸಂಗತಿ

“ಟೋಟಲ್ ಲಾಸ್ ಆದರೆ ಕಾರನ್ನು ಕಂಪನಿಗೆ ಕೊಡಲೇಬೇಕು.” – ಹಾಗೇನಿಲ್ಲ. ಸಾಲ್ವೇಜ್ ಬೆಲೆ ಕಳೆದು ಕಾರನ್ನು ಇಟ್ಟುಕೊಳ್ಳುವ ಏರ್ಪಾಡು ಇದೆ. ಕೇಳಿ ನೋಡಬೇಕು.

“ಟೋಟಲ್ ಲಾಸ್‌ನಲ್ಲಿ ಐಡಿವಿ ಮೇಲೆ ಮತ್ತೆ ಸವಕಳಿ ಕಳೆಯುತ್ತಾರೆ.” – ಇಲ್ಲ. ಪಾಲಿಸಿ ಅವಧಿಯಲ್ಲಿ ಆ ಐಡಿವಿಯೇ ಬೆಲೆ. ಅದರ ಮೇಲೆ ಮತ್ತೆ ಸವಕಳಿ ಇಲ್ಲ.

“ಕಾರು ಸ್ಟಾರ್ಟ್ ಆಯಿತು ಅಂದರೆ ಚೆನ್ನಾಗಿದೆ ಅಂತಲೇ ಅರ್ಥ.” – ಸ್ಟಾರ್ಟ್ ಆಗುವುದಕ್ಕೂ ಏರ್‌ಬ್ಯಾಗ್, ಬ್ರೇಕ್, ಅಸ್ಥಿಪಂಜರ ಸರಿ ಇರುವುದಕ್ಕೂ ಸಂಬಂಧವಿಲ್ಲ.

“ಕಂಪನಿ ಹೇಳಿದ ಸಾಲ್ವೇಜ್ ಬೆಲೆಯೇ ಕೊನೆ.” – ಆ ಬೆಲೆ ಯಾವ ಬಿಡ್ ಮೇಲೆ ನಿಂತಿದೆ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕ್ಲೇಮಿನ ಬಗ್ಗೆ ತಕರಾರಿದ್ದರೆ ಮೊದಲು ಕಂಪನಿಯ ದೂರು ವಿಭಾಗ, ಆಮೇಲೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್, ಅದರ ನಂತರ ವಿಮಾ ಒಂಬುಡ್ಸ್‌ಮನ್. ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲೂ ಇದೆ, ದೂರು ಕೊಡಲು ಶುಲ್ಕವಿಲ್ಲ.

ಸಹಿ ಹಾಕುವ ಮುನ್ನ ಆರು ಪ್ರಶ್ನೆ

1. ಕಾರು ಟೋಟಲ್ ಲಾಸ್ ಆದದ್ದು ಐಡಿವಿ ಕಡಿಮೆ ಇದ್ದದ್ದರಿಂದಲೋ, ಹಾನಿ ದೊಡ್ಡದಾದ್ದರಿಂದಲೋ?
2. ನೀರು ಸೀಟಿನ ಮಟ್ಟ ದಾಟಿತ್ತೇ? ಅಸ್ಥಿಪಂಜರ ಬಾಗಿದೆಯೇ? ಏರ್‌ಬ್ಯಾಗ್ ಬಿಚ್ಚಿತ್ತೇ?
3. ಸಾಲ್ವೇಜ್, ರಿಪೇರಿ, ಕಾಗದ, ಕಾಣದ ಖರ್ಚು – ಎಲ್ಲ ಸೇರಿ ಒಟ್ಟು ಎಷ್ಟು? ಅಂಥದೇ ಒಳ್ಳೆಯ ಕಾರಿನ ಬೆಲೆ ಎಷ್ಟು?
4. ಆರ್‌ಸಿ ಉಳಿಯುತ್ತದೆ ಎಂದು ಲಿಖಿತವಾಗಿ ಸಿಕ್ಕಿದೆಯೇ?
5. ಹೊಸ ವಿಮೆ ಕೊಡಲು ಯಾರಾದರೂ ಒಪ್ಪಿದ್ದಾರೆಯೇ?
6. ಕನಿಷ್ಠ ನಾಲ್ಕೈದು ವರ್ಷ ಈ ಕಾರನ್ನು ನೀವೇ ಓಡಿಸುತ್ತೀರಾ?

ಆರನೆಯ ಪ್ರಶ್ನೆ ಮುಖ್ಯ. ಇಂಥ ಕಾರು ಲಾಭ ಕೊಡುವುದು ಅದನ್ನು ಬಳಸಿ ಸವೆಸುವವರಿಗೆ. ರಿಪೇರಿ ಮಾಡಿ ಬೇಗ ಮಾರೋಣ ಎಂದುಕೊಂಡರೆ ಒಂದೋ ಸತ್ಯ ಹೇಳಿ ಕಡಿಮೆ ಬೆಲೆಗೆ ಕೊಡಬೇಕು, ಇಲ್ಲವೇ ಮುಚ್ಚಿಟ್ಟು ಇನ್ನೊಂದು ಮನೆಯವರನ್ನು ಅಪಾಯಕ್ಕೆ ತಳ್ಳಬೇಕು. ಮಾರುವುದೇ ಆದರೆ ಸರ್ವೇ ವರದಿ ಮತ್ತು ರಿಪೇರಿ ಬಿಲ್ಲನ್ನು ಕೊಳ್ಳುವವರ ಕೈಗೆ ಕೊಟ್ಟೇ ಮಾರಿ.

ಮುಂದಿನ ಸಲ “ಟೋಟಲ್ ಲಾಸ್ ಆದ್ರೂ ಗಾಡಿ ಬಿಡಬೇಡಿ” ಎಂಬ ಮೆಸೇಜು ಬಂದರೆ ಕಣ್ಣುಮುಚ್ಚಿ ಶೇರ್ ಮಾಡಬೇಡಿ. ಅದರ ಕೆಳಗೆ ಇಷ್ಟು ಬರೆದು ಕಳಿಸಿ: ಹಳೆಯ ಕಾರು, ಮೇಲ್ಮೈ ಏಟು, ಆರ್‌ಸಿ ಉಳಿಯುತ್ತದೆ, ನಾನೇ ಓಡಿಸುತ್ತೇನೆ – ಈ ನಾಲ್ಕೂ ಇದ್ದರೆ ಲೆಕ್ಕ ಹಾಕಿ ಇಟ್ಟುಕೊಳ್ಳಿ. ಒಂದು ತಪ್ಪಿದರೂ ದುಡ್ಡು ತೆಗೆದುಕೊಂಡು ಗಾಡಿ ಬಿಡಿ.